ಬಾವಲಿಯನ್ನು ಬಯ್ಯುವ ಮುನ್ನ ಬಿದ್ದ ಹಣ್ಣನ್ನು ತಿರುಗಿಸಿ ನೋಡಿ

ಹೋದ ವರ್ಷ ಮೇ ತಿಂಗಳ ಮೊದಲ ವಾರ. ಬೆಳಗ್ಗೆ ಆರು ಗಂಟೆಗೆ ತೋಟಕ್ಕೆ ಹೋದರೆ ಮೂಲೆಯ ಬಾದಾಮಿ ಮಾವಿನ ಮರದ ಕೆಳಗೆ ಒಂದು ಬುಟ್ಟಿಯಷ್ಟು ಹಣ್ಣು ಬಿದ್ದಿತ್ತು. ಕೆಲವು ಅರ್ಧ ತಿಂದವು, ಕೆಲವು ಬರೀ ಕಚ್ಚಿ ಬಿಟ್ಟವು, ಇನ್ನು ಕೆಲವಕ್ಕೆ ಏನೂ ಆಗಿಲ್ಲ ಅನ್ನುವ ಹಾಗಿದ್ದವು. ಪಕ್ಕದ ತೋಟದ ಹುಡುಗ ಬೇಲಿ ಹತ್ತಿರ ನಿಂತು ನೋಡುತ್ತಿದ್ದ.

“ನೋಡುದ್ರಾ ಅಣ್ಣ, ರಾತ್ರಿ ಬಾವ್ಲಿ ಬಂದು ಎಲ್ಲಾ ಹಾಳ್ ಮಾಡ್ಬುಟ್ಟವೆ. ನಿಮ್ಮನೇಲಿ ಆ ಹಳೇ ಬಲೆ ಐತಲ್ಲ, ಕೊಡಿ, ನಮ್ ಮರಕ್ಕೂ ಕಟ್ತೀನಿ” ಅಂದ.

ನಾನು ಕೊಡಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಆ ಬಲೆಯ ಕತೆ ಹೇಳಬೇಕು.

ಅದಕ್ಕೆ ಎರಡು ವರ್ಷ ಮುಂಚೆ ನಾನೂ ಅವನ ಹಾಗೇ ಸಿಟ್ಟಿನಲ್ಲಿದ್ದೆ. ಪೇಟೆಗೆ ಹೋಗಿ ಕಡಿಮೆ ಬೆಲೆಯ ತೆಳು ನೈಲಾನ್ ಬಲೆ ತಂದು ನಾಲ್ಕು ಮರಕ್ಕೆ ಹಾಗೇ ಸಡಿಲವಾಗಿ ಹೊದಿಸಿದೆ. ಮೂರನೇ ದಿನ ಬೆಳಗ್ಗೆ ನೋಡಿದರೆ ಬಲೆಯಲ್ಲಿ ಎರಡು ಬಾವಲಿ, ಒಂದು ಕಣಜ ಗೂಬೆ ಸಿಕ್ಕಿ ಸತ್ತಿದ್ದವು. ಒಂದು ಬಾವಲಿಯ ಎದೆಗೆ ಮರಿ ಅಂಟಿಕೊಂಡಿತ್ತು, ಅದರ ಜೀವ ಇನ್ನೂ ಹೋಗಿರಲಿಲ್ಲ. ಕತ್ತರಿ ತಂದು ಬಿಡಿಸಿದೆ, ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು. ಗೂಬೆ ನಮ್ಮ ಪಂಪ್‌ಹೌಸಿನ ಮೇಲೆ ದಿನಾ ಕೂರುತ್ತಿದ್ದದ್ದು. ಇಲಿ ಹಿಡಿಯುವುದಕ್ಕೆ ಅದಕ್ಕಿಂತ ಒಳ್ಳೆ ಕೆಲಸದಾಳು ನಮಗೆ ಇರಲಿಲ್ಲ.

ಇಷ್ಟೆಲ್ಲ ಆದಮೇಲಾದರೂ ಹಣ್ಣು ಉಳಿಯಿತಾ ಅಂದರೆ ಅದೂ ಇಲ್ಲ. ಬಲೆಯ ಒಳಗಿದ್ದ ಹಣ್ಣೂ ಉದುರುತ್ತಲೇ ಇತ್ತು. ಆಗಲೇ ನನಗೆ ಅನುಮಾನ ಬಂದದ್ದು: ನಾನು ಬಯ್ಯುತ್ತಿರುವುದು ಸರಿಯಾದವರನ್ನೇನಾ?

ನಮ್ಮ ಸುತ್ತ ಏನು ಬದಲಾಯಿತು

ನಮ್ಮದು ದೇವನಹಳ್ಳಿ ಕಡೆ. ಮಾವು, ಸಪೋಟ, ಸೀಬೆ, ನಾಲ್ಕು ಚಕ್ಕೋತ ಗಿಡ ಇರುವ ಸಣ್ಣ ತೋಟ. 2008ರ ಮೇನಲ್ಲಿ ವಿಮಾನ ನಿಲ್ದಾಣ ಶುರುವಾದಮೇಲೆ ಊರು ಹೇಗೆ ಬದಲಾಯಿತು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ರಸ್ತೆ ಅಗಲವಾಯಿತು, ಸಾಲುಮರ ಹೋಯಿತು, ಲೇಔಟ್ ಬಂತು, ಲೇಔಟಿನ ಜೊತೆ ರಾತ್ರಿಯಿಡೀ ಉರಿಯುವ ದೀಪ ಬಂತು.

ಹಿಂದೆ ಬೆಂಗಳೂರಿನ ಸುತ್ತಮುತ್ತಲ ಊರುಗಳಲ್ಲಿ ಗುಂಡುತೋಪು ಇರುತ್ತಿತ್ತು. ಯಾರೋ ಒಬ್ಬರ ಸ್ವತ್ತಲ್ಲ, ಊರಿಗೆಲ್ಲ ಸೇರಿದ ತೋಪು. ಮಾವು, ಹಲಸು, ನೇರಳೆ, ಹುಣಸೆ, ಇಪ್ಪೆ, ಆಲ ಎಲ್ಲ ಅಲ್ಲಿ. ದನ ಕಾಯುವ ಹುಡುಗರು ತಿಂದು ಮಿಕ್ಕಿದ್ದು ಹಕ್ಕಿಗೆ, ಹಕ್ಕಿ ತಿಂದು ಮಿಕ್ಕಿದ್ದು ಬಾವಲಿಗೆ. ಎಷ್ಟೋ ಕಡೆ ಈಗ ಆ ಜಾಗದಲ್ಲಿ ಕಟ್ಟಡ ಇದೆ, ಇಲ್ಲವೇ ಬರೀ ನೀಲಗಿರಿ ಇದೆ. ನೀಲಗಿರಿಯಲ್ಲಿ ತಿನ್ನುವ ಹಣ್ಣು ಎಲ್ಲಿಂದ ಬರಬೇಕು?

ಇದರಲ್ಲಿ ಅತಿ ದೊಡ್ಡ ನಷ್ಟ ಅತ್ತಿ ಜಾತಿಯ ಮರಗಳದ್ದು. ಆಲ, ಅರಳಿ, ಅತ್ತಿ, ಗೋಣಿ, ಬಸರಿ ಇವೆಲ್ಲ ಒಂದೇ ಕುಟುಂಬ. ಮಾವಿನ ಹಾಗೆ ಎಲ್ಲವೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಈ ತಿಂಗಳು ಒಂದು ಮರ, ಮುಂದಿನ ತಿಂಗಳು ಇನ್ನೊಂದು ಮರ. ಹಾಗಾಗಿ ಹತ್ತಾರು ಮರ ಇರುವ ಊರಲ್ಲಿ ವರ್ಷದ ಯಾವ ತಿಂಗಳಲ್ಲೂ ಎಲ್ಲಾದರೂ ಒಂದು ಕಡೆ ಹಣ್ಣು ಇದ್ದೇ ಇರುತ್ತೆ. ಬಾವಲಿ, ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ, ಅಳಿಲು ಎಲ್ಲಕ್ಕೂ ಅದೇ ಪಡಿತರ ಅಂಗಡಿ. ಮರ ಎರಡೋ ಮೂರೋ ಉಳಿದರೆ ಮಧ್ಯೆ ಮಧ್ಯೆ ಅಂಗಡಿ ಬಾಗಿಲು ಹಾಕಿರುತ್ತೆ. ಆ ಹೊತ್ತಿಗೆ ನಮ್ಮ ತೋಟದಲ್ಲಿ ಹಣ್ಣಾಗಿದ್ದರೆ ಅವು ಇನ್ನೆಲ್ಲಿಗೆ ಹೋಗುತ್ತವೆ?

ಉಳಿದ ಮರಕ್ಕೂ ಬಿಸಿಲಿನ ತೊಂದರೆ ಇದೆ. ಅತ್ತಿ ಜಾತಿಯ ಪ್ರತಿ ಮರಕ್ಕೂ ಪರಾಗಸ್ಪರ್ಶ ಮಾಡುವುದಕ್ಕೆ ಅದರದ್ದೇ ಆದ ಸಣ್ಣ ಕಣಜದ ಹುಳು ಬೇಕು. ಅತ್ತಿ ಹಣ್ಣು ಬಿಡಿಸಿದಾಗ ಒಳಗೆ ಕಾಣುತ್ತಲ್ಲ, ಅದೇ. ಹೊರಗೆ ಬಂದಮೇಲೆ ಅದರ ಆಯಸ್ಸು ಒಂದೆರಡು ದಿನ ಮಾತ್ರ. ಬಿಸಿ ಹೆಚ್ಚಾದಷ್ಟೂ ಅದು ಇನ್ನೂ ಬೇಗ ಸಾಯುತ್ತೆ. ಮರಗಳು ದೂರ ದೂರ ಆಗಿ, ಗಾಳಿಯೂ ಕಾದರೆ, ಒಂದು ಮರದಿಂದ ಇನ್ನೊಂದಕ್ಕೆ ಆ ಹುಳು ಮುಟ್ಟುವುದೇ ಕಷ್ಟ.

ದೊಡ್ಡ ಬಾವಲಿಗಂತೂ ಬಿಸಿಲು ನೇರವಾಗಿ ತಟ್ಟುತ್ತೆ. ಅದು ಗುಹೆಯಲ್ಲಿ ಇರುವುದಿಲ್ಲ, ಎತ್ತರದ ಮರದಲ್ಲಿ ಹಗಲಿಡೀ ಬಯಲಲ್ಲೇ ನೇತಾಡುತ್ತೆ. ಸೆಕೆಗೆ ರೆಕ್ಕೆ ಬೀಸಿಕೊಳ್ಳುತ್ತೆ, ಮೈ ನೆಕ್ಕಿಕೊಳ್ಳುತ್ತೆ. 2020ರ ಮೇನಲ್ಲಿ ಉತ್ತರ ಪ್ರದೇಶದ ಗೋರಖ್‌ಪುರದ ಹತ್ತಿರ ನೂರಾರು ಬಾವಲಿ ಒಟ್ಟಿಗೆ ಸತ್ತಿದ್ದು ಅತಿಯಾದ ಬಿಸಿಲಿಗೆ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ವರ್ಷಕ್ಕೆ ಹೆಚ್ಚಾಗಿ ಒಂದೇ ಮರಿ ಹಾಕುವ ಪ್ರಾಣಿ ಅದು. ಹೀಗೆ ಸತ್ತರೆ ಮತ್ತೆ ಅಷ್ಟು ಸಂಖ್ಯೆಗೆ ಬರುವುದಕ್ಕೆ ವರ್ಷಗಟ್ಟಲೆ ಬೇಕು. ಹಾಗಾಗಿ “ಬಾವ್ಲಿ ಜಾಸ್ತಿ ಆಗೋಗವೆ” ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಅವಕ್ಕೆ ತಿನ್ನುವುದಕ್ಕೆ ಬೇರೆ ಜಾಗ ಕಡಿಮೆ ಆಗಿದೆ, ಅದಕ್ಕೇ ನಮ್ಮ ಮರದಲ್ಲಿ ಜಾಸ್ತಿ ಕಾಣುತ್ತವೆ.

ಹವಾಮಾನ ಹಣ್ಣಿನ ಲೆಕ್ಕ ತಪ್ಪಿಸಿದೆ

ಈಗ ಮಾವಿಗೆ ಬನ್ನಿ. ಮಾವು ಹೂ ಬಿಡಬೇಕಾದರೆ ಅದಕ್ಕೆ ಮೊದಲು ಎರಡು ಮೂರು ತಿಂಗಳು ಒಣ ಹವೆ, ಜೊತೆಗೆ ರಾತ್ರಿ ತಂಪು ಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ಮಳೆ ಹಿಡಿದರೆ ಮರ ಹೂ ಬಿಡುವ ಬದಲು ಚಿಗುರುತ್ತೆ. 2021ರ ನವೆಂಬರ್ ನೆನಪಿರಬಹುದು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಲ್ಲಿ ಕೆರೆಗಳು ಕೋಡಿ ಬಿದ್ದವು. ನೀರಿಗೆ ಅದು ಒಳ್ಳೆಯದೇ ಆಯಿತು. ಮಾವಿನ ಮರ ಮಾತ್ರ ಹೊಸ ಎಲೆ ಹೊತ್ತು ನಿಂತಿತು, ನಮ್ಮಲ್ಲಿ ಹೂ ತಡವಾಗಿ ಬಂತು.

ತಡವಾಗುವುದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಚಳಿ ಬಿಟ್ಟು ಬಿಟ್ಟು ಬಂದರೆ ಹೂವೂ ಬಿಟ್ಟು ಬಿಟ್ಟು ಬರುತ್ತೆ. ಮರದ ಒಂದು ಮಗ್ಗುಲು ಡಿಸೆಂಬರ್‌ನಲ್ಲಿ ಹೂ ಬಿಟ್ಟರೆ ಇನ್ನೊಂದು ಮಗ್ಗುಲು ಫೆಬ್ರವರಿಯಲ್ಲಿ. ಕಾಯಿ ಬಲಿಯುವುದೂ ಹಾಗೇ ಹಿಂದು ಮುಂದು. ಹಿಂದೆ ಎಲ್ಲ ತೋಟದಲ್ಲೂ ಸುಮಾರಾಗಿ ಒಂದೇ ಹೊತ್ತಿಗೆ ಹಣ್ಣಾಗುತ್ತಿತ್ತು. ಬಾವಲಿ, ಗಿಣಿ ಎಷ್ಟು ತಿಂದರೂ ಅದು ಎಲ್ಲರ ತೋಟದ ಮೇಲೂ ಹಂಚಿ ಹೋಗುತ್ತಿತ್ತು, ಯಾರಿಗೂ ಹೊರೆ ಅನ್ನಿಸುತ್ತಿರಲಿಲ್ಲ. ಈಗ ಸುತ್ತ ಎಲ್ಲೂ ಹಣ್ಣಿಲ್ಲದಾಗ ನಮ್ಮ ಒಂದು ಮರದಲ್ಲಿ ಮಾತ್ರ ಹತ್ತು ಹಣ್ಣು ಮಾಗಿದರೆ, ಸುತ್ತಲ ಬಾವಲಿಗೆಲ್ಲ ಅದೊಂದೇ ಗುರಿ. ದೊಡ್ಡ ಬಾವಲಿ ಒಂದೇ ರಾತ್ರಿಯಲ್ಲಿ ಹತ್ತಾರು ಕಿಲೋಮೀಟರ್ ಹಾರಿ ಆಹಾರ ಹುಡುಕುತ್ತೆ. ಹಣ್ಣಿನ ವಾಸನೆ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತೆ.

ಮೂರನೆಯದು ಬಿಸಿಲು. 2024ರ ಏಪ್ರಿಲ್ 28ರಂದು ಬೆಂಗಳೂರಲ್ಲಿ 38.5 ಡಿಗ್ರಿ ದಾಖಲಾಯಿತು. 2016ರ ಏಪ್ರಿಲ್‌ನಲ್ಲಿ 39.2 ಆಗಿತ್ತು. ಇಂಥ ಬಿಸಿಲಿಗೆ ನೀರು ಕಡಿಮೆಯಾದರೆ ಎಳೆಗಾಯಿ ತೊಟ್ಟು ಕಳಚಿ ಉದುರುತ್ತೆ. ಬಾದಾಮಿಯಲ್ಲಿ ಹೊರಗೆ ಚಿನ್ನದ ಹಾಗೆ ಕಂಡರೂ ಕೊಯ್ದು ನೋಡಿದರೆ ಒಳಗೆ ಸ್ಪಂಜಿನ ಹಾಗೆ ಬೆಳ್ಳಗೆ, ಹುಳಿಯಾಗಿ ಇರುತ್ತಲ್ಲ, ಅದಕ್ಕೆ ನೆಲದಿಂದ ಮೇಲೆ ಏಳುವ ಕಾವು ಒಂದು ಕಾರಣ. ಮರದಲ್ಲಿ ಹೆಚ್ಚು ದಿನ ಬಿಟ್ಟಷ್ಟೂ ಈ ತೊಂದರೆ ಜಾಸ್ತಿ.

ಆಮೇಲೆ ಮೇ ತಿಂಗಳ ಗುಡುಗು ಮಳೆ. ಕಾದ ನೆಲದ ಮೇಲೆ ನಾಲ್ಕು ಮಳೆ ಬಿದ್ದರೆ ಸಾಕು, ಮಣ್ಣಿನಲ್ಲಿ ಕೋಶವಾಗಿ ಕೂತಿದ್ದ ಹಣ್ಣು ನೊಣ ಏಳುತ್ತೆ. ಚಿಬ್ಬು ರೋಗದ ಶಿಲೀಂಧ್ರಕ್ಕೂ ಅದೇ ಹಬ್ಬ. ಬಾವಲಿ ಬರುವುದಕ್ಕೆ ಮೊದಲೇ ಹಣ್ಣು ಒಳಗಿಂದ ಹಾಳಾಗಿರುತ್ತೆ.

ಯಾರು ತಿಂದದ್ದು? ಗುರುತು ಹಿಡಿಯುವುದು ಹೀಗೆ

ಬಲೆಯ ಪ್ರಸಂಗ ಆದಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ದಿನಾ ಬೆಳಗ್ಗೆ ಬಿದ್ದ ಹಣ್ಣನ್ನು ಆರಿಸಿ, ಒಂದೊಂದನ್ನೂ ತಿರುಗಿಸಿ ನೋಡಿ, ಗುಂಪು ಮಾಡುವುದು. ಗ್ಲೌಸ್ ಹಾಕಿಕೊಂಡೇ ಮಾಡಿ. ಒಂದು ವಾರ ಮಾಡಿದರೆ ನಿಮಗೇ ಗೊತ್ತಾಗುತ್ತೆ.

ಬಾವಲಿ: ಮಾಗಿದ ಹಣ್ಣನ್ನೇ ಹುಡುಕುತ್ತೆ. ರಸ ಹೀರಿ ನಾರನ್ನು ಉಂಡೆ ಮಾಡಿ ಉಗುಳುತ್ತೆ. ಮರದ ಕೆಳಗೆ ಒಣಗಿದ ನಾರಿನ ಚಪ್ಪಟೆ ಉಂಡೆ ಸಿಕ್ಕಿದರೆ ಅದು ಬಾವಲಿಯೇ. ಸಣ್ಣ ಜಾತಿಯ ಬಾವಲಿ ಹಣ್ಣನ್ನು ಕಚ್ಚಿಕೊಂಡು ಹೋಗಿ ಬೇರೆ ಕಡೆ ಕೂತು ತಿನ್ನುತ್ತೆ. ಅದರ ಓಟೆ, ಸಿಪ್ಪೆ ತೆಂಗಿನ ಮರದ ಕೆಳಗೋ, ಮನೆ ಮುಂದಿನ ಅಶೋಕದ ಮರದ ಕೆಳಗೋ ಸಿಗುತ್ತೆ.

ಗಿಣಿ: ಹಗಲಲ್ಲಿ ಬರುತ್ತೆ, ಗುಂಪಾಗಿ ಬರುತ್ತೆ. ಕಾಯಿಯನ್ನೂ ಬಿಡುವುದಿಲ್ಲ. ಕೊಕ್ಕಿನಿಂದ ಚಿಪ್ಪು ಚಿಪ್ಪಾಗಿ ಕೆತ್ತಿದ ಗುರುತು ಇರುತ್ತೆ, ಹಸಿರು ಚೂರು ಕೆಳಗೆ ಬಿದ್ದಿರುತ್ತೆ. ತಿನ್ನುವುದಕ್ಕಿಂತ ಹಾಳು ಮಾಡುವುದು ಹೆಚ್ಚು.

ಅಳಿಲು: ಇದೂ ಹಗಲಿನ ಗಿರಾಕಿ. ಅಕ್ಕಪಕ್ಕದಲ್ಲಿ ಎರಡೆರಡು ಸಣ್ಣ ಹಲ್ಲಿನ ಗೀರು. ತೊಟ್ಟಿನ ಹತ್ತಿರ ಕೊರೆದಿರುತ್ತೆ.

ಕೋತಿ: ಒಂದು ಕಡಿತ, ಎಸೆತ, ಇನ್ನೊಂದು ಹಣ್ಣು. ಕೊಂಬೆ ಮುರಿದಿರುತ್ತೆ. ಇದನ್ನು ಗುರುತು ಹಿಡಿಯುವುದಕ್ಕೆ ಯಾರೂ ಬೇಕಾಗಿಲ್ಲ.

ಹಣ್ಣು ನೊಣ: ಮೇಲೆ ಸೂಜಿ ಚುಚ್ಚಿದಷ್ಟು ಗುರುತು, ಅಲ್ಲಿಂದ ಅಂಟು ಒಸರಿದ ಕಲೆ. ಒತ್ತಿದರೆ ಮೆತ್ತಗೆ ಒಳಕ್ಕೆ ಹೋಗುತ್ತೆ. ಕೊಯ್ದರೆ ಬಿಳಿ ಹುಳು.

ರಸ ಹೀರುವ ಪತಂಗ: ಚಕ್ಕೋತ, ಮೂಸಂಬಿ, ಕಿತ್ತಳೆ ಇರುವವರು ಇದನ್ನು ತಿಳಿದಿರಬೇಕು. ರಾತ್ರಿ ಬರುತ್ತೆ. ಸಿಪ್ಪೆ ಮೇಲೆ ಒಂದು ಸಣ್ಣ ತೂತು, ಸುತ್ತ ಕೊಳೆತ ವೃತ್ತ. ಇದರ ಮರಿಹುಳು ಬೆಳೆಯುವುದು ಅಮೃತಬಳ್ಳಿಯಂಥ ಬಳ್ಳಿಗಳ ಮೇಲೆ. ಕೊರೊನಾ ಬಂದ ಮೇಲೆ ನಾವೂ ಬೇಲಿಗೆಲ್ಲ ಅಮೃತಬಳ್ಳಿ ಹಬ್ಬಿಸಿದ್ದೆವು. ಚಕ್ಕೋತದ ಪಕ್ಕದ್ದನ್ನು ಈಗ ತೆಗೆಸಿದ್ದೇನೆ, ಮನೆ ಹತ್ತಿರ ಒಂದು ಬಳ್ಳಿ ಇಟ್ಟುಕೊಂಡಿದ್ದೇನೆ.

ಹೀಗೆ ಗುಂಪು ಮಾಡಿದಾಗ ನನಗೆ ಆಶ್ಚರ್ಯ ಆಯಿತು. ನಾನು ಬಾವಲಿ ಲೆಕ್ಕಕ್ಕೆ ಬರೆಯುತ್ತಿದ್ದ ಹಣ್ಣಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ನೊಣದ ತೂತು ಅಥವಾ ಚಿಬ್ಬು ಕಲೆ ಇತ್ತು. ಎಷ್ಟೋ ಹಣ್ಣು ಬೇರೆ ಕಾರಣಕ್ಕೆ ಬಿದ್ದು, ಆಮೇಲೆ ಯಾವುದೋ ಪ್ರಾಣಿ ಬಂದು ಕಚ್ಚಿತ್ತು. ಕಚ್ಚಿದ ಗುರುತು ಎದ್ದು ಕಾಣುತ್ತೆ, ಸೂಜಿ ತೂತು ಕಾಣುವುದಿಲ್ಲ. ಅದಕ್ಕೇ ಬಾವಲಿಗೆ ಕೆಟ್ಟ ಹೆಸರು. ನಿಮ್ಮ ತೋಟದ ಲೆಕ್ಕ ಬೇರೆಯೇ ಇರಬಹುದು, ಗಿಣಿಯೇ ಹೆಚ್ಚಿರಬಹುದು. ಅದಕ್ಕೇ ನೀವೇ ನೋಡಿ ಅನ್ನುವುದು. ಯಾರು ಅಂತ ಗೊತ್ತಾಗದೆ ದುಡ್ಡು ಖರ್ಚು ಮಾಡಬೇಡಿ.

ಮೊದಲ ಮದ್ದು: ಸರಿಯಾದ ಹೊತ್ತಿಗೆ ಕೊಯ್ಯುವುದು

ಬಾವಲಿಗೆ ಬೇಕಾದದ್ದು ಮಾಗಿದ ಹಣ್ಣು. ಮಾರುಕಟ್ಟೆಗೆ ಬೇಕಾದದ್ದು ಬಲಿತ ಕಾಯಿ. ಈ ಎರಡರ ನಡುವೆ ಇರುವ ಕೆಲವು ದಿನವೇ ನಮ್ಮ ಕೈಯಲ್ಲಿರುವ ಅವಕಾಶ. ಮರದಲ್ಲಿ ಬಣ್ಣ ಬರಲಿ, ಇನ್ನೊಂದು ವಾರ ನೋಡೋಣ ಅಂತ ಕಾದರೆ ಬಾವಲಿ, ನೊಣ, ಸ್ಪಂಜು ಮೂರಕ್ಕೂ ನಾವೇ ಬಾಗಿಲು ತೆಗೆದ ಹಾಗೆ.

ಮಾವಿನ ಕಾಯಿ ಬಲಿತದ್ದು ತಿಳಿಯುವುದಕ್ಕೆ ತೊಟ್ಟಿನ ಅಕ್ಕಪಕ್ಕ ನೋಡಿ. ಭುಜ ಉಬ್ಬಿ ತೊಟ್ಟು ಸ್ವಲ್ಪ ಒಳಕ್ಕೆ ಹೋದ ಹಾಗೆ ಕಾಣಬೇಕು. ನಾಲ್ಕೈದು ಕಾಯಿ ಕಿತ್ತು ಬಕೆಟ್ ನೀರಿಗೆ ಹಾಕಿ, ಬಲಿತದ್ದು ಮುಳುಗುತ್ತೆ, ಎಳೆಯದು ತೇಲುತ್ತೆ. ಮರದಲ್ಲೇ ಮಾಗಿದ ಒಂದೆರಡು ಒಳ್ಳೆ ಹಣ್ಣು ತಾನಾಗಿ ಬಿದ್ದಿತು ಅಂದರೆ ಆ ಮರ ಕೊಯ್ಲಿಗೆ ಬಂತು ಅಂತಲೇ ಲೆಕ್ಕ.

ಹೂವು ಹಿಂದು ಮುಂದಾಗಿ ಬಂದ ವರ್ಷ ಒಂದೇ ಸಲಕ್ಕೆ ಕೊಯ್ಯಬೇಡಿ. ನಾವು ಹೂ ಬಂದಾಗಲೇ ಮೊದಲ ಹೂವಿನ ಕೊಂಬೆಗೆ ಕೆಂಪು ದಾರ, ಎರಡನೆಯದಕ್ಕೆ ಬಿಳಿ ದಾರ ಕಟ್ಟುತ್ತೇವೆ. ಕೆಂಪಿನದು ಮೊದಲು, ಬಿಳಿಯದು ಎರಡು ಮೂರು ವಾರ ಬಿಟ್ಟು. ಕೂಲಿ ಜಾಸ್ತಿ ಆಗುತ್ತೆ, ನಿಜ. ಆದರೆ ಎಳೆಗಾಯಿ ಕಿತ್ತು ಬೆಲೆ ಕಳೆದುಕೊಳ್ಳುವುದೂ ತಪ್ಪುತ್ತೆ, ಮಾಗಿದ ಹಣ್ಣು ಮರದಲ್ಲಿ ಉಳಿದು ವಾಸನೆ ಹಬ್ಬುವುದೂ ತಪ್ಪುತ್ತೆ.

ತೊಟ್ಟು ಸಮೇತ ಕೊಯ್ದು, ಸೊನೆ ಇಳಿಸಿ, ನೆರಳಲ್ಲಿ ಹುಲ್ಲಿನ ಮೇಲೆ ಇಟ್ಟರೆ ಚೆನ್ನಾಗಿ ಹಣ್ಣಾಗುತ್ತೆ. ಕಾರ್ಬೈಡ್ ಮಾತ್ರ ಬೇಡ, ಅದಕ್ಕೆ ಕಾನೂನಿನಲ್ಲೇ ನಿಷೇಧ ಇದೆ.

ಸಪೋಟಕ್ಕೆ ಉಗುರಿನಿಂದ ಮೆಲ್ಲಗೆ ಗೀರಿ ನೋಡಿ. ಒಳಗೆ ಹಸಿರು ಕಂಡರೆ ಎಳೆಯದು. ಹಳದಿ ಬಣ್ಣ ಬಂದು, ಹಾಲು ಕಡಿಮೆಯಾಗಿ, ಮೈಮೇಲಿನ ಕಂದು ಹೊಟ್ಟು ಉದುರುವ ಹಾಗಿದ್ದರೆ ಕೀಳಬಹುದು. ಸಪೋಟ ಮರದಲ್ಲೇ ಮೆತ್ತಗಾಗುವುದಕ್ಕೆ ಬಿಟ್ಟರೆ ಅದು ನಮ್ಮದಲ್ಲ, ಬಾವಲಿಯದು.

ಸೀಬೆಗೆ ಬೆಳೆಯ ಕಾಲವನ್ನೇ ಬದಲಿಸಬಹುದು. ಮಳೆಗಾಲದ ಸೀಬೆಗೆ ನೊಣದ ಕಾಟವೂ ಹೆಚ್ಚು, ರುಚಿಯೂ ಕಡಿಮೆ. ಬೇಸಿಗೆಯಲ್ಲಿ ನೀರು ಕಟ್ಟುವುದನ್ನು ನಿಲ್ಲಿಸಿ, ಮೇ ತಿಂಗಳಲ್ಲಿ ತುದಿ ಸವರಿ, ಗೊಬ್ಬರ ಕೊಟ್ಟು ನೀರು ಬಿಟ್ಟರೆ ಜೂನ್, ಜುಲೈ ಹೊತ್ತಿಗೆ ಹೂ ಬಂದು ಚಳಿಗಾಲಕ್ಕೆ ಹಣ್ಣು ಸಿಗುತ್ತೆ. ಚಳಿಗಾಲದ ಹಣ್ಣಿಗೆ ಹೊಳಪೂ ಬೆಲೆಯೂ ಎರಡೂ ಚೆನ್ನ.

ಹೊದಿಕೆ, ಬಲೆ ಮತ್ತು ಕಾನೂನು

ಕೈಗೆ ಎಟುಕುವ ಮರ ಇದ್ದರೆ ಚೀಲ ಕಟ್ಟುವುದು ಅತ್ಯುತ್ತಮ. ಮಾವು ಕೋಳಿ ಮೊಟ್ಟೆ ಗಾತ್ರ, ಸೀಬೆ ನಿಂಬೆ ಗಾತ್ರ ಆದಾಗ ಕಾಗದದ ಚೀಲ ಕಟ್ಟಿ. ನೊಣ, ಅಳಿಲು, ಬಿಸಿಲಿನ ಕಲೆ ಎಲ್ಲಕ್ಕೂ ಒಂದೇ ಉಪಾಯ. ಹಳೇ ಎತ್ತರದ ಮರಕ್ಕೆ ಇದು ಆಗದ ಮಾತು. ಅಂಥ ಮರವನ್ನು ಕೊಯ್ಲಾದ ಮೇಲೆ ಸವರಿ ಗಿಡ್ಡ ಮಾಡಿಕೊಳ್ಳುವುದೇ ದಾರಿ.

ಬಲೆ ಕಟ್ಟಲೇಬೇಕು ಅಂದರೆ ನಾನು ಮಾಡಿದ ತಪ್ಪು ಮಾಡಬೇಡಿ. ಕಣ್ಣು ಕಿರುಬೆರಳು ತೂರದಷ್ಟು ಸಣ್ಣದಿರಲಿ. ದಾರ ದಪ್ಪ ಇರಲಿ, ಬಣ್ಣ ಬಿಳಿ ಇರಲಿ, ರಾತ್ರಿ ಕಾಣುತ್ತೆ. ಕಂಬ ನೆಟ್ಟು ಬಿಗಿಯಾಗಿ ಎಳೆದು ಕಟ್ಟಿ, ಮರದ ಮೇಲೆ ಸಡಿಲವಾಗಿ ಎಸೆಯಬೇಡಿ. ದಿನಾ ಬೆಳಗ್ಗೆ ಹೋಗಿ ನೋಡಿ. ಕೊಯ್ಲು ಮುಗಿದ ದಿನವೇ ಬಿಚ್ಚಿ ಸುತ್ತಿಡಿ. ತೆಳು ಬಲೆಯಲ್ಲಿ ಬಾವಲಿ ಮಾತ್ರ ಅಲ್ಲ, ಗೂಬೆ, ಕೇರೆ ಹಾವು ಸಹ ಸಿಕ್ಕಿ ಸಾಯುತ್ತವೆ. ಇಲಿ ತಿನ್ನುವ ಎರಡನ್ನೂ ನಾವೇ ಕೊಂದು ಆಮೇಲೆ ಇಲಿ ಪಾಷಾಣ ತರುವುದು ಯಾವ ಲೆಕ್ಕ?

ವಿಷ ಇಡುವುದು, ಬಾವಲಿ ಇರುವ ಮರದ ಕೆಳಗೆ ಪಟಾಕಿ ಹೊಡೆಯುವುದು ಬೇಡವೇ ಬೇಡ. ಹಿಂದೆ ಹಣ್ಣು ತಿನ್ನುವ ಬಾವಲಿಗಳನ್ನು ವನ್ಯಜೀವಿ ಕಾಯ್ದೆಯಲ್ಲಿ ಇಲಿ, ಕಾಗೆಗಳ ಜೊತೆ ಉಪದ್ರವ ಕೊಡುವ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟರು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ದೊಡ್ಡ ಬಾವಲಿ ಈಗ ರಕ್ಷಿತ ಪ್ರಾಣಿ, ಕೊಲ್ಲುವುದು ಅಪರಾಧ. ಕಾನೂನು ಬಿಟ್ಟು ನೋಡಿದರೂ ಕೊಲ್ಲುವುದರಿಂದ ಲಾಭ ಇಲ್ಲ. ಮಾರಿಷಸ್ ದೇಶದಲ್ಲಿ ಲಿಚಿ, ಮಾವು ಉಳಿಸುವುದಕ್ಕೆ ಅಂತ 2015, 2016ರಲ್ಲಿ ಸರ್ಕಾರವೇ ಸಾವಿರಾರು ಬಾವಲಿ ಕೊಲ್ಲಿಸಿತು. ಅಂದುಕೊಂಡ ಹಾಗೆ ಇಳುವರಿ ಹೆಚ್ಚಲಿಲ್ಲ. ಸರಿಯಾಗಿ ಬಲೆ ಕಟ್ಟಿದ ಮರದಲ್ಲಿ ಮಾತ್ರ ಹಣ್ಣು ಉಳಿಯಿತು.

ಬಿದ್ದ ಹಣ್ಣು ಹಾಗೇ ಬಿಡಬೇಡಿ

ಇದು ಅತಿ ಅಗ್ಗದ ಕೆಲಸ, ಅತಿ ಹೆಚ್ಚು ಜನ ಬಿಡುವ ಕೆಲಸವೂ ಇದೇ. ಯಾವ ಪ್ರಾಣಿ ಕಚ್ಚಿ ಬೀಳಿಸಿದರೂ ಆ ಹಣ್ಣು ನೆಲದಲ್ಲೇ ಇದ್ದರೆ ಹಣ್ಣು ನೊಣದ ಕಾರ್ಖಾನೆ ಆಗುತ್ತೆ. ಹುಳು ಬೆಳೆದು ಮಣ್ಣಿಗೆ ಇಳಿದು, ಕೋಶವಾಗಿ, ನೊಣವಾಗಿ ಎದ್ದು ಮೇಲಿನ ಕಾಯಿಗೇ ಮೊಟ್ಟೆ ಇಡುತ್ತೆ. ದಿನಾ ಆರಿಸಿ ಎರಡು ಅಡಿ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ. ಬರೀ ತಿಪ್ಪೆಗೆ ಎಸೆದರೆ ಪ್ರಯೋಜನ ಇಲ್ಲ.

ಕೊಯ್ಲಿಗೆ 45 ದಿನ ಇರುವಾಗಲೇ ಮೀಥೈಲ್ ಯುಜಿನಾಲ್ ಇರುವ ಮೋಹಕ ಬಲೆಗಳನ್ನು ಎಕರೆಗೆ ಆರೇಳರಂತೆ ನೆರಳಿನ ಕೊಂಬೆಗೆ ಕಟ್ಟಿ. ಇದು ಗಂಡು ನೊಣವನ್ನು ಮಾತ್ರ ಸೆಳೆಯುತ್ತೆ, ಆದ್ದರಿಂದ ಹೆಣ್ಣು ಮೊಟ್ಟೆ ಇಡುವ ಕಾಲ ಬಂದಮೇಲೆ ಕಟ್ಟಿದರೆ ತಡ. ಅಕ್ಕಪಕ್ಕದ ನಾಲ್ಕು ತೋಟದವರು ಒಟ್ಟಿಗೆ ಕಟ್ಟಿದರೆ ಫಲ ಇನ್ನೂ ಚೆನ್ನಾಗಿರುತ್ತೆ. ಮರದ ಬುಡಕ್ಕೆ ಒಣ ಎಲೆ, ಹುಲ್ಲು ಹೊದಿಸಿ. ನೆಲದ ಕಾವು ಇಳಿಯುತ್ತೆ, ತೇವ ಉಳಿಯುತ್ತೆ, ಬಾದಾಮಿಯಲ್ಲಿ ಸ್ಪಂಜು ಕಡಿಮೆಯಾಗುತ್ತೆ.

ಇನ್ನೊಂದು ಮುಖ್ಯ ಮಾತು. ಕಚ್ಚಿದ ಹಣ್ಣನ್ನು, “ಗಿಣಿ ಕಚ್ಚಿದ್ದು ಸಿಹಿ” ಅಂತ ಕತ್ತರಿಸಿ ಉಳಿದ ಭಾಗ ತಿನ್ನುವ ರೂಢಿ ನಮ್ಮಲ್ಲಿದೆ. ಈಗ ಅದನ್ನು ಬಿಡಿ. ಕೇರಳದಲ್ಲಿ 2018ರಿಂದ ಮತ್ತೆ ಮತ್ತೆ ಕಾಣಿಸಿಕೊಂಡ ನಿಫಾ ವೈರಸ್‌ಗೆ ದೊಡ್ಡ ಬಾವಲಿಯೇ ಆಶ್ರಯ. ಹೆದರಿ ಬಾವಲಿ ಓಡಿಸಬೇಕಾಗಿಲ್ಲ. ಕಚ್ಚಿದ ಹಣ್ಣು ತಿನ್ನದೆ, ದನಕ್ಕೂ ಹಾಕದೆ, ಒಳ್ಳೆ ಹಣ್ಣನ್ನೂ ತೊಳೆದು ತಿಂದರೆ ಸಾಕು.

ಬೇಲಿಯಲ್ಲಿ ಅವಕ್ಕೂ ಒಂದು ಪಾಲು

ನಮ್ಮ ತೋಟದ ಪಶ್ಚಿಮದ ಬೇಲಿಯಲ್ಲಿ ಮೂರು ಗಸಗಸೆ ಹಣ್ಣಿನ ಮರ ಹಾಕಿದ್ದೇನೆ. ಬೇಗ ಬೆಳೆಯುತ್ತೆ, ಹೆಚ್ಚು ಕಡಿಮೆ ವರ್ಷವಿಡೀ ಹಣ್ಣು ಬಿಡುತ್ತೆ. ಪಿಕಳಾರ, ಕುಟ್ರುಹಕ್ಕಿ, ಸಣ್ಣ ಬಾವಲಿ ಎಲ್ಲ ಅಲ್ಲೇ ಗಲಾಟೆ ಮಾಡುತ್ತವೆ. ಪಕ್ಕದಲ್ಲಿ ಹಿಪ್ಪುನೇರಳೆ ಸಾಲು, ಮೂಲೆಯಲ್ಲಿ ಒಂದು ಅತ್ತಿ, ಒಂದು ನೇರಳೆ. ಅತ್ತಿ ಇನ್ನೂ ಚಿಕ್ಕದು. ಮಾವಿನ ಮರದಿಂದ ದೂರ ಇರುವಂತೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಅಲ್ಲೇ ಎರಡು ಮಣ್ಣಿನ ತಟ್ಟೆಯಲ್ಲಿ ನೀರು ಇಡುತ್ತೇವೆ. ನೀರು ಇಟ್ಟಮೇಲೆ ಅಳಿಲು ಎಳೆಗಾಯಿ ಕಚ್ಚುವುದು ಕಡಿಮೆ ಆಯಿತು ಅನ್ನುವುದು ನನ್ನ ಅನುಭವ.

ಇದರಿಂದ ಎಲ್ಲ ಹಣ್ಣೂ ಉಳಿಯುತ್ತೆ ಅಂತ ಹೇಳುವುದಿಲ್ಲ. ಗಿಣಿ ಹಿಂಡು ಬಂದ ದಿನ ಈಗಲೂ ಡಬ್ಬ ಬಡಿದುಕೊಂಡು ಓಡಾಡುತ್ತೇನೆ. ಕೋತಿಗೆ ನನ್ನ ಹತ್ತಿರ ಮದ್ದಿಲ್ಲ. ಆದರೆ ನಷ್ಟ ಎಲ್ಲಿಂದ ಆಗುತ್ತಿದೆ ಅಂತ ಈಗ ಗೊತ್ತಿದೆ. ಬಾವಲಿ ರಾತ್ರಿ ಹಾರುವುದು ನೋಡಿದರೆ ಮೊದಲಿನ ಹಾಗೆ ಎದೆ ಧಸಕ್ ಅನ್ನುವುದಿಲ್ಲ.

ಈ ವಾರ ಮಾಡಬೇಕಾದ ಕೆಲಸ

ಮಾವು ಇರುವವರು ಮೋಹಕ ಬಲೆ ಕಟ್ಟಿ, ಬುಡಕ್ಕೆ ಹೊದಿಕೆ ಹಾಕಿ. ಎಟುಕುವ ಕೊಂಬೆಗೆ ಚೀಲ ಕಟ್ಟಿ. ಸೀಬೆ ಇರುವವರು ಚಳಿಗಾಲದ ಬೆಳೆ ಬೇಕೋ ಬೇಡವೋ ಈಗಲೇ ತೀರ್ಮಾನಿಸಿ. ಹಳೇ ತೆಳು ಬಲೆ ಇದ್ದರೆ ತೆಗೆದುಬಿಡಿ. ಒಂದು ನೋಟ್‌ಪುಸ್ತಕ ಇಟ್ಟು ಬಿದ್ದ ಹಣ್ಣಿನ ಲೆಕ್ಕ ಬರೆಯಲು ಶುರು ಮಾಡಿ.

ಪಕ್ಕದ ತೋಟದ ಹುಡುಗನಿಗೆ ಆವತ್ತು ಬಲೆ ಕೊಡಲಿಲ್ಲ ಅಂದೆನಲ್ಲ. ಅದರ ಬದಲು ಅವನ ಮರದ ಕೆಳಗೆ ಇಬ್ಬರೂ ಕೂತು ಬಿದ್ದ ಹಣ್ಣು ಕೊಯ್ದು ನೋಡಿದೆವು. ನಾಲ್ಕನೇ ಹಣ್ಣಿಗೆ ಅವನೇ ಅಂದ, “ಅಣ್ಣ, ಇದ್ರಲ್ಲಿ ಹುಳ ಐತೆ. ಬಾವ್ಲಿ ಬರೋಕ್ ಮುಂಚೇನೆ ಹೋಗಿತ್ತು ಇದು.” ಅದೇ ವಾರ ಉಳಿದ ಬಲಿತ ಕಾಯಿ ಇಳಿಸಿ ಹುಲ್ಲಿಗೆ ಹಾಕಿದ. ಅಷ್ಟಕ್ಕೆ ಒಳ್ಳೆ ಬೆಲೆಯೇ ಸಿಕ್ಕಿತು. ಲೇಔಟಿನವರು ಅವನ ಜಮೀನು ಕೇಳುತ್ತಲೇ ಇದ್ದಾರೆ. ಕೊಡುತ್ತಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಈ ವರ್ಷ ಮಾತ್ರ ಮೋಹಕ ಬಲೆ ನನಗಿಂತ ಮೊದಲು ಅವನೇ ತಂದು ಕಟ್ಟಿದ್ದಾನೆ.